ಪವರ್ ಹೆಚ್ಚಿಸಿದ ಮೇಲೆ 4 ತಿಂಗಳಲ್ಲಿ 2 ಕ್ಲಚ್ ಪ್ಲೇಟ್ ಹೋದವು, ಸೆರಾಮಿಕ್ ಹಾಕಿಸಲಾ?

ಶಹಾಬಾದ್_ಹತ್ತುಚಕ್ರ

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಬಿಎಸ್4 ಲಾರಿ, ಹತ್ತು ಚಕ್ರ, ಆರು ಗೇರ್. ಶಹಾಬಾದಿನಿಂದ ಫರ್ಸಿ ಕಲ್ಲು (ನೆಲಕ್ಕೆ ಹಾಸುವ ಕಲ್ಲು) ತುಂಬಿಕೊಂಡು ಕಲಬುರಗಿ, ಹುಮನಾಬಾದ್ ಮೇಲೆ ಬೀದರಿಗೆ ಹೋಗುತ್ತದೆ. ವಾರಕ್ಕೆ ಮೂರು ಟ್ರಿಪ್. ವಾಪಸ್ ಬರುವಾಗ ಹೆಚ್ಚಾಗಿ ಖಾಲಿ.

ಕಂಪನಿ ಕೊಟ್ಟ ಟಾರ್ಕ್ (ಇಂಜಿನ್ ತಿರುಚುವ ಬಲ) 660 ನ್ಯೂಟನ್ ಮೀಟರ್. ಲೋಡ್ ಇದ್ದಾಗ ಏರಿನಲ್ಲಿ ಎಳೆಯುವುದಿಲ್ಲ ಅಂತ ಒಂದು ಕಡೆ ಇಂಜಿನ್ ಪ್ರೋಗ್ರಾಂ ಬದಲಿಸಿಕೊಂಡೆ. 790 ಆಗುತ್ತದೆ ಅಂದರು. ಪಿಕಪ್ ನಿಜವಾಗಿಯೂ ಬಂತು. ಮೊದಲು ನಾಲ್ಕಕ್ಕೆ ಇಳಿಸುತ್ತಿದ್ದ ಕಡೆ ಈಗ ಆರರಲ್ಲೇ ಹತ್ತುತ್ತಿತ್ತು. ಆದರೆ ಎರಡೇ ತಿಂಗಳಿಗೆ ಕ್ಲಚ್ ಪ್ಲೇಟ್ ಸುಟ್ಟಿತು. ಹೊಸ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲ ಹಾಕಿಸಿದೆ. ಅದೂ ಎರಡೇ ತಿಂಗಳು. ಇದಕ್ಕೂ ಮೊದಲಿನ ಪ್ಲೇಟ್ ಎರಡು ವರ್ಷ ಬಂದಿತ್ತು. ಈಗ ಸೆರಾಮಿಕ್ ಪ್ಲೇಟ್ ಹಾಕಿಸು ಅನ್ನುತ್ತಿದ್ದಾರೆ. ಮತ್ತೆ ದುಡ್ಡು ಹಾಕುವ ಮುಂಚೆ ತಿಳಿದವರು ದಯವಿಟ್ಟು ಹೇಳಿ.

ಯಾದಗಿರಿ_ಟಿಪ್ಪರ್

ಅಣ್ಣಾ, ಮೊದಲು ಎರಡು ವಿಷಯ ನೋಡಿ. ಪೆಡಲ್‌ನಲ್ಲಿ ಆಟ (ಒತ್ತಲು ಶುರು ಮಾಡಿದಾಗಿನ ಸಡಿಲ) ಇದೆಯಾ? ಆಟ ಇಲ್ಲದಿದ್ದರೆ ಬೇರಿಂಗ್ ಯಾವಾಗಲೂ ಒತ್ತಿಕೊಂಡೇ ಇರುತ್ತದೆ, ಪ್ಲೇಟ್ ಪೂರ್ತಿ ಹಿಡಿಯುವುದಿಲ್ಲ. ಎರಡನೇದು, ಬಿಚ್ಚಿದ ಪ್ಲೇಟ್ ಮೇಲೆ ಆಯಿಲ್ ಇತ್ತಾ? ನನ್ನ ಟಿಪ್ಪರ್‌ನಲ್ಲಿ ಗೇರ್‌ಬಾಕ್ಸ್ ಮುಂದಿನ ಸೀಲ್ ಸೋರುತ್ತಿತ್ತು. ಅದು ಗೊತ್ತಾಗುವ ಮುಂಚೆ ಎರಡು ಪ್ಲೇಟ್ ಸುಮ್ನೆ ಹಾಳಾದವು.

ಶಹಾಬಾದ್_ಹತ್ತುಚಕ್ರ

ಆಯಿಲ್ ಇಲ್ಲ, ಒಣಗಿಯೇ ಇತ್ತು. ಪೆಡಲ್ ಆಟ ಸರಿ ಇದೆ. ಪ್ಲೇಟ್ ಕಪ್ಪಾಗಿ ರಿವೆಟ್ ಮಟ್ಟಕ್ಕೆ ಸವೆದಿದೆ. ನಡುವಿನ ಸ್ಪ್ರಿಂಗ್‌ಗಳಲ್ಲಿ ಎರಡು ಸಡಿಲ. ಫ್ಲೈವೀಲ್ (ಪ್ಲೇಟ್ ಕೂಡುವ ಇಂಜಿನ್ನಿನ ಭಾರದ ಚಕ್ರ) ಮೇಲೆ ನೀಲಿ ಕಲೆಗಳಿವೆ. ಕಮಲಾಪುರ ದಾಟಿದ ಮೇಲಿನ ಏರಿನಲ್ಲಿ ಐದು, ಆರನೇ ಗೇರಿನಲ್ಲಿ ಪೂರ್ತಿ ಎಕ್ಸಲೇಟರ್ ಕೊಟ್ಟರೆ ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ. ಡ್ರೈವರ್ ನಮ್ಮ ಚಿಕ್ಕಪ್ಪನ ಮಗ. ಲೋಡ್ ಇದ್ದರೂ ಎರಡನೇ ಗೇರಿನಲ್ಲೇ ಎತ್ತುತ್ತಾನೆ, ಹೊಸ ಪವರ್ ಇದೆಯಲ್ಲ ಅಂತ.

ಹುಮನಾಬಾದ್_ಗ್ಯಾರೇಜ್

ತಮ್ಮಾ, ನೀನು ಬರೆದದ್ದರಲ್ಲೇ ಉತ್ತರ ಇದೆ. ಸೆರಾಮಿಕ್ ಹಾಕಿಸಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕ್ಲಚ್ ಎಷ್ಟು ಟಾರ್ಕ್ ಹಿಡಿಯುತ್ತದೆ ಅನ್ನುವುದು ಮೂರು ವಿಷಯದ ಮೇಲೆ ನಿಂತಿದೆ. ಪ್ರೆಶರ್ ಪ್ಲೇಟ್ ಎಷ್ಟು ಬಲವಾಗಿ ಒತ್ತುತ್ತದೆ, ಪ್ಲೇಟ್ ಎಷ್ಟು ಅಗಲ, ಲೈನಿಂಗ್ (ಪ್ಲೇಟಿನ ಮೇಲಿನ ಉಜ್ಜುವ ಪದರ) ಎಷ್ಟು ಹಿಡಿತ ಕೊಡುತ್ತದೆ. ಕಂಪನಿಯವರು ಇಂಜಿನ್ ಟಾರ್ಕ್‌ಗಿಂತ ಸ್ವಲ್ಪ ಜಾಸ್ತಿ ಹಿಡಿಯುವಂತೆ ಮಾಡಿರುತ್ತಾರೆ. ಆ ಜಾಸ್ತಿ ಇರುವುದು ಸವೆತಕ್ಕೆ, ಬಿಸಿಗೆ. 660ರಿಂದ 790 ಅಂದರೆ ಹತ್ತಿರ 20 ಪರ್ಸೆಂಟ್. ಆ ಜಾಸ್ತಿಯನ್ನು ನೀನು ಮೊದಲ ದಿನವೇ ತಿಂದುಬಿಟ್ಟೆ. ಆಮೇಲೆ ಲೈನಿಂಗ್ ಬಿಸಿಯಾದಾಗ ಹಿಡಿತ ಕಡಿಮೆ ಆಗುತ್ತದೆ. ಜಾರುತ್ತದೆ, ಜಾರಿದಷ್ಟೂ ಇನ್ನೂ ಬಿಸಿ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲು. ತಣ್ಣಗಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ.

ಎರಡನೇ ಗೇರಿನಲ್ಲಿ ಎತ್ತುವುದು ಇದಕ್ಕಿಂತ ಕೆಟ್ಟದ್ದು. ಒಂದನೇ ಗೇರ್ ಅನುಪಾತ 9, ಎರಡನೇದು 5 ಅಂತ ಇಟ್ಟುಕೋ. ಎರಡರಲ್ಲಿ ಎತ್ತಿದರೆ ಕ್ಲಚ್ ಪೂರ್ತಿ ಕೂಡುವ ಹೊತ್ತಿಗೆ ಗಾಡಿಯ ವೇಗ 1.8 ಪಟ್ಟು ಇರಬೇಕು. ಪ್ಲೇಟಿಗೆ ಬೀಳುವ ಬಿಸಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅಂದರೆ ಸಮತಟ್ಟು ರಸ್ತೆಯಲ್ಲೇ 3 ಪಟ್ಟಿಗಿಂತ ಜಾಸ್ತಿ. ಏರಿನಲ್ಲಿ ಹಾಫ್ ಕ್ಲಚ್ ಮೇಲೆ ನಿಲ್ಲಿಸಿದರೆ ಕೇಳಲೇಬೇಡ. ಇಂಜಿನ್ ಪವರ್ ಹೆಚ್ಚಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಇನ್ನು ಆರನೇ ಗೇರಿನಲ್ಲಿ ಏರು ಹತ್ತುವ ವಿಷಯ. ಒಂದು ಏರಿಗೆ 100 ಕಿಲೋವ್ಯಾಟ್ ಬೇಕು ಅಂತ ಇಟ್ಟುಕೋ. 1300 ಆರ್‌ಪಿಎಂನಲ್ಲಿ ಅಷ್ಟು ಕೊಡಲು ಇಂಜಿನ್ 735 ನ್ಯೂಟನ್ ಮೀಟರ್ ತಿರುಚಬೇಕು. ಗೇರ್ ಇಳಿಸಿ 1800ಕ್ಕೆ ತಂದರೆ 530 ಸಾಕು. ಗಾಡಿಯ ವೇಗ ಅದೇ, ಕ್ಲಚ್ ಮೇಲಿನ ಭಾರ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆ. ಕಡಿಮೆ ಆರ್‌ಪಿಎಂನಲ್ಲಿ ಒತ್ತಿದಾಗ ಇಂಜಿನ್ ಬಡಿತ ಒಂದೊಂದಾಗಿ ಪ್ಲೇಟಿಗೆ ಹೊಡೆಯುತ್ತದೆ. ನಿನ್ನ ಸ್ಪ್ರಿಂಗ್ ಸಡಿಲ ಆಗಿದ್ದು ಅದಕ್ಕೇ ಅಂತ ನನಗೆ ಅನ್ನಿಸುತ್ತದೆ.

ಫ್ಲೈವೀಲ್ ಮುಖ ಹೊಡೆಸದೆ (ಲೇತ್‌ನಲ್ಲಿ ಸಮ ಮಾಡಿಸದೆ) ಅದರ ಮೇಲೆ ಹೊಸ ಪ್ಲೇಟ್ ಕೂಡಿಸಿದ್ದರೆ ಅದೂ ತಪ್ಪು. ನೀಲಿ ಕಲೆ ಇರುವ ಕಡೆ ಕಬ್ಬಿಣ ಗಟ್ಟಿಯಾಗಿರುತ್ತದೆ, ಪ್ಲೇಟ್ ಸಮನಾಗಿ ಕೂಡುವುದಿಲ್ಲ.

ಯಾದಗಿರಿ_ಟಿಪ್ಪರ್

ಕಾಕಾ, ಕ್ವಾರಿ ಟಿಪ್ಪರ್‌ಗಳಲ್ಲಿ ಸೆರಾಮಿಕ್ ಓಡುತ್ತಿದೆಯಲ್ಲ? ನನ್ನದರಲ್ಲೂ ಅದೇ ಇದೆ, ಚೆನ್ನಾಗೇ ಇದೆ.

ಹುಮನಾಬಾದ್_ಗ್ಯಾರೇಜ್

ಓಡುತ್ತದೆ, ಇಲ್ಲ ಅನ್ನುವುದಿಲ್ಲ. ನಿನ್ನ ಇಂಜಿನ್ ಕಂಪನಿ ಸೆಟ್ಟಿಂಗ್‌ನಲ್ಲೇ ಇದೆ, ಹಿಂದಿನ ಹೌಸಿಂಗ್ (ಆಕ್ಸಲ್ ಗೇರಿನ ಪೆಟ್ಟಿಗೆ) ಟಿಪ್ಪರ್‌ಗೆ ಅಂತಲೇ ಬಂದದ್ದು. ಇವನದು ಹಾಗಲ್ಲ.

ಪೆಡಲ್ ತಟ್ಟನೆ ಬಿಟ್ಟಾಗ ಹಿಂದಕ್ಕೆ ಹೋಗುವುದು ಇಂಜಿನ್ ಟಾರ್ಕ್ ಮಾತ್ರ ಅಲ್ಲ. ತಿರುಗುತ್ತಿರುವ ಫ್ಲೈವೀಲ್ ತೂಕವೂ ಸೇರಿ ಹೊಡೆಯುತ್ತದೆ. ಆ ಹೊಡೆತಕ್ಕೆ ಮಿತಿ ಹಾಕುವುದು ಕ್ಲಚ್ ಜಾರುವುದೇ. ಕ್ಲಚ್ ಎಷ್ಟು ಹಿಡಿಯುತ್ತದೋ ಅಷ್ಟು ಹೊಡೆತ ಹಿಂದಕ್ಕೆ. ಒಂದನೇ ಗೇರಿನಲ್ಲಿ, ಆ 9ರ ಅನುಪಾತದಲ್ಲಿ, 660 ಇದ್ದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ) ಮೇಲೆ 5,940. 790 ಇದ್ದರೆ 7,110. ಅಲ್ಲಿಂದ ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್‌ನ ಗೇರು) ಅದನ್ನು ಇನ್ನೂ ಹಲವು ಪಟ್ಟು ಮಾಡಿ ಆಕ್ಸಲ್‌ಗೆ ಕೊಡುತ್ತದೆ. ಸೆರಾಮಿಕ್‌ನಂಥ ಗಟ್ಟಿ ಹಿಡಿತದ ಕ್ಲಚ್ ಹಾಕಿದರೆ ಪ್ಲೇಟ್ ಉಳಿಯಬಹುದು. ಜಾಯಿಂಟ್ ಕ್ರಾಸ್ (ಶಾಫ್ಟಿನ ಕೀಲು), ಪಿನಿಯನ್ ಹಲ್ಲು, ಆಕ್ಸಲ್ ಯಾವುದೋ ಒಂದು ಹೋಗುತ್ತದೆ. ಪ್ಲೇಟ್ ಹೋದರೆ ಒಂದು ದಿನದ ಕೆಲಸ. ಲೋಡ್ ಗಾಡಿಯ ಪಿನಿಯನ್ ಹೆದ್ದಾರಿ ಮೇಲೆ ಮುರಿದರೆ ಹಿಂದೆ ಬರುವವರ ಜೀವದ ಪ್ರಶ್ನೆ.

ತಮ್ಮಾ, ಹಳೆಯ ಪ್ರೋಗ್ರಾಂ ವಾಪಸ್ ಹಾಕಿಸು. ಕಂಪನಿ ಗ್ರೇಡಿನ ಪ್ಲೇಟ್ ಹಾಕು, ಫ್ಲೈವೀಲ್ ಮುಖ ಹೊಡೆಸು. ಮೊದಲ ಒಂದು ವಾರ ಅರ್ಧ ಲೋಡಿನಲ್ಲೇ ಓಡಿಸಿ, ಪ್ಲೇಟ್ ಕೂಡಲಿ. ತೂಕವನ್ನೂ ನೋಡಿಕೋ. ಹತ್ತು ಚಕ್ರಕ್ಕೆ 25 ಟನ್ ಇದ್ದದ್ದನ್ನು 2018ರಲ್ಲಿ 28.5 ಮಾಡಿದರು ನಿಜ. ನಿನ್ನ ಆರ್‌ಸಿಯಲ್ಲಿ ಎಷ್ಟಿದೆಯೋ ಅಷ್ಟೇ ತುಂಬು. ಕಲ್ಲಿನ ಲೋಡು ಕಣ್ಣಿಗೆ ಕಾಣದಷ್ಟು ಭಾರ ಇರುತ್ತದೆ.

ಶಹಾಬಾದ್_ಹತ್ತುಚಕ್ರ

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಕಾಕಾ ಹೇಳಿದ ಹಾಗೇ ಮಾಡಿದೆ. ಕೆಳಗೆ ಇಳಿದು ನೋಡಿದಾಗ ಹಿಂದಿನ ಕ್ರಾಸ್ ಕಪ್ ಸುತ್ತ ಕೆಂಪು ಪುಡಿ ಇತ್ತು, ಕೈಯಲ್ಲಿ ಅಲ್ಲಾಡುತ್ತಿತ್ತು. ಅದನ್ನೂ ಬದಲಿಸಿದೆ. ತಮ್ಮನಿಗೆ ಪಕ್ಕದಲ್ಲಿ ಕೂತು ಎರಡು ಟ್ರಿಪ್ ಹೇಳಿಕೊಟ್ಟೆ. ಈಗ ಒಂದನೇ ಗೇರಿನಲ್ಲೇ ಎತ್ತುತ್ತಾನೆ, ಏರು ಬರುವ ಮುಂಚೆಯೇ ಇಳಿಸುತ್ತಾನೆ. ಬೀದರ್ ಮುಟ್ಟಲು ಮೊದಲಿಗಿಂತ ಇಪ್ಪತ್ತು ನಿಮಿಷ ಜಾಸ್ತಿ. ಸುಟ್ಟ ವಾಸನೆ ಒಮ್ಮೆಯೂ ಬಂದಿಲ್ಲ.

ಒಂದು ಕೇಳುವುದಿದೆ. ಖಾಲಿ ಬರುವಾಗ ಎಕ್ಸಲೇಟರ್ ಬಿಟ್ಟು ಹಿಡಿದರೆ ಹಿಂದೆ "ಟಕ್" ಅನ್ನುತ್ತದೆ. ಪಿನಿಯನ್ ಆಟ ಜಾಸ್ತಿ ಆಗಿದೆಯಾ?

ಹುಮನಾಬಾದ್_ಗ್ಯಾರೇಜ್

ಆಗಿರಬಹುದು, ಶಾಫ್ಟಿನ ಸ್ಲೈಡಿಂಗ್ ಹಲ್ಲು ಸವೆದಿದ್ದರೂ ಹಾಗೇ ಶಬ್ದ ಬರುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಶಾಫ್ಟ್ ಕೈಯಿಂದ ಅತ್ತ ಇತ್ತ ತಿರುಗಿಸಿ ಆಟ ಎಲ್ಲಿದೆ ನೋಡು. ಹೌಸಿಂಗ್ ಆಯಿಲ್ ಇಳಿಸಿ ಅಯಸ್ಕಾಂತ ಆಡಿಸು. ಪುಡಿ ಬಂದರೆ ತೊಂದರೆ ಇಲ್ಲ. ಚೂರು ಬಂದರೆ ಲೋಡ್ ಹಾಕಬೇಡ, ನೇರ ಇಲ್ಲಿಗೆ ತಾ.