ಮಿದುಳಿನ ಆಪರೇಷನ್ ಆದ ಮೇಲೆ ಕಾಲಲ್ಲಿ ಹೆಪ್ಪು: ಇಂಜೆಕ್ಷನ್ನಾ, ಫಿಲ್ಟರಾ?

ಹಾಸನದ ಮಗ: ಅಪ್ಪನಿಗೆ 64. ಮೆನಿಂಜಿಯೋಮಾ ಅಂತ, ಮಿದುಳಿನ ಹೊದಿಕೆಯಲ್ಲಿ ಬೆಳೆದ ಗಡ್ಡೆ ತೆಗೆದು ಆರು ದಿನ ಆಯ್ತು. ಎಡಗಾಲು ಊದಿದೆ, ಡಾಪ್ಲರ್ ಸ್ಕ್ಯಾನ್‌ನಲ್ಲಿ ತೊಡೆ ಹತ್ತಿರ ಹೆಪ್ಪು ಕಂಡಿದೆ. ರಕ್ತ ತೆಳು ಮಾಡೋ ಇಂಜೆಕ್ಷನ್ ಕೊಟ್ರೆ ತಲೆಯೊಳಗೆ ರಕ್ತಸ್ರಾವ ಆಗಬಹುದು, ಕೊಡದಿದ್ರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು ಅಂತಾರೆ. ನಾಳೆ ಸಹಿ ಹಾಕಬೇಕು. ಅನುಭವ ಇದ್ದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿ: ನಮ್ಮ ಅಮ್ಮನಿಗೆ 2019ರಲ್ಲಿ ಫಿಲ್ಟರ್ ಹಾಕಿಸಿದ್ವಿ. ಹೆಪ್ಪು ಶ್ವಾಸಕೋಶಕ್ಕೆ ಹೋಗದಂತೆ ತಡೆಯೋಕೆ ಕುತ್ತಿಗೆಯಿಂದ ಹೊಟ್ಟೆಯ ದೊಡ್ಡ ರಕ್ತನಾಳಕ್ಕೆ ಛತ್ರಿ ಕಡ್ಡಿಯಂಥದ್ದನ್ನು ಇಳಿಸಿದರು. 92,000 ಆಯ್ತು, ವಿಮೆಯವರು 40,000 ಕೊಟ್ಟು ಕೈ ತೊಳೆದುಕೊಂಡರು. ಜೀವ ಉಳೀತು, ಇಲ್ಲ ಅನ್ನಲ್ಲ. ಆದರೆ ಅಪಾಯ ಕಳೆದ ಮೇಲೆ ಅದನ್ನು ತೆಗೆಸಬೇಕು ಅಂತ ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ಚೀಟಿಯ ಎರಡನೇ ಪುಟದ ಕೆಳಗೆ ಒಂದು ಸಾಲು ಇತ್ತು, ಅಷ್ಟೇ. ಹದಿನಾಲ್ಕು ತಿಂಗಳಾದ ಮೇಲೆ ಹೋದರೆ ಕಡ್ಡಿಗಳು ನಾಳದ ಗೋಡೆಗೆ ಕಚ್ಚಿಕೊಂಡುಬಿಟ್ಟಿದ್ದವು. ಒಂದೂವರೆ ಗಂಟೆ ಒದ್ದಾಡಿ ಕೈಬಿಟ್ಟರು. ಅದಕ್ಕೆ ಬೇರೆ 60,000.

ಹುಬ್ಬಳ್ಳಿ: ಫಿಲ್ಟರ್ ಅಂದ್ರ ರೊಕ್ಕ ಹೊಡಿಯೂ ಕೆಲಸ. ನಮ್ಮಣ್ಣಗ ತಲಿ ಸಿಟಿ ಸ್ಕ್ಯಾನ್ ಮಾಡಿ, ಹೊಸಾ ರಕ್ತ ಸೋರಿಲ್ಲಂತ ನೋಡಿನ ರಕ್ತ ತೆಳು ಮಾಡೂ ಎನೋಕ್ಸಪರಿನ್ ಇಂಜೆಕ್ಷನ್ ಸುರು ಮಾಡಿದ್ರು. ಒಂದಕ್ಕ 480, ದಿನಕ್ಕ ಎರಡು, ತೊಂಬತ್ತು ದಿನ. 86,400 ರೂಪಾಯಿ, ಎಲ್ಲಾ ಬಿಲ್ಲು ಇಟ್ಟೇನಿ. ಮನ್ಯಾಗ ನಾನ ಚುಚ್ಚತಿದ್ದೆ: ಹೊಕ್ಕಳದಿಂದ ಮೂರು ಬಟ್ಟು ದೂರ, ಚರ್ಮ ಹಿಡಿದೆತ್ತಿ, ಸೂಜಿ ನೆಟ್ಟಗ. ಸಿರಿಂಜಿನ್ಯಾಗಿನ ಗಾಳಿಗುಳ್ಳಿ ತಗೀಬಾರದು, ಆಮ್ಯಾಲ ತಿಕ್ಕಬಾರದು. ಹೊಟ್ಟಿ ತುಂಬ ನೀಲಿ ಕಲಿ ಆಗಿದ್ದುವು. ಅಣ್ಣ ಈಗ ಅಂಗಡ್ಯಾಗ ಕುಂದರತಾನ.

ತೀರ್ಥಹಳ್ಳಿ: ರೊಕ್ಕ ಹೊಡೆಯೋದು ಅಂತೀರಲ್ಲ, ಅಮ್ಮನಿಗೆ ಆಪರೇಷನ್ ಆದ ಜಾಗದಲ್ಲೇ ರಕ್ತ ಸೋರಿತ್ತು. ಇಂಜೆಕ್ಷನ್ ಮುಟ್ಟೋ ಹಾಗೇ ಇರಲಿಲ್ಲ. ನಿಮ್ಮಣ್ಣನ ಸಿಟಿ ಕ್ಲೀನಾಗಿತ್ತು ಅಂತ ಎಲ್ಲರದ್ದೂ ಹಾಗೇನಾ?

ಹುಬ್ಬಳ್ಳಿ: ಅಕ್ಕಾರ, ನಿಮಗಂತ ಅಂದಿಲ್ಲ. ನಾನೂ ಆ ರಾತ್ರಿ ಕೈ ನಡುಗಿಸಿಕೋತನ ಸಹಿ ಮಾಡೇನಿ.

ಮಂಗಳೂರು: ಅತ್ತೆಗೆ ಹೆಪ್ಪು ಕಟ್ಟದಿರಲೆಂದು ಕಾಲಿಗೆ ಗಾಳಿ ತುಂಬಿಸಿ ಬಿಡುವ ಪಟ್ಟಿ ಕಟ್ಟಿದ್ದರು. ಮೈ ಒರೆಸುವಾಗ ಬಿಚ್ಚಿದವರು ಪುನಃ ಕಟ್ಟಲೇ ಇಲ್ಲ. ಒಂದೂವರೆ ದಿನ ಮಂಚದ ಕಂಬಿಯಲ್ಲಿ ನೇತಾಡುತ್ತಿತ್ತು, ಮೆಷಿನ್ ಮಾತ್ರ ಬುಸ್ ಬುಸ್ ಅನ್ನುತ್ತಿತ್ತು. ಅದು ಯಾಕೆಂದು ನನಗೆ ಗೊತ್ತಿದ್ದರೆ ನಾನೇ ಕಟ್ಟುತ್ತಿದ್ದೆ. ಆಮೇಲೆ ಹೆಪ್ಪು, ಇಂಜೆಕ್ಷನ್, ಮತ್ತೆ ರಕ್ತ ತೆಳು ಮಾಡುವ ಅಸಿಟ್ರಾಮ್ ಮಾತ್ರೆ. ಹಲ್ಲುನೋವಿಗೆಂದು ಕೊಟ್ಟ ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ಐದು ದಿನ ತೆಗೆದುಕೊಂಡದ್ದಷ್ಟೇ, 2ರಿಂದ 3ರೊಳಗೆ ಇರಬೇಕಾದ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಎಂದು ತೋರಿಸುವ ಅಳತೆ) 6.2ಕ್ಕೆ ಹೋಯಿತು. ಬೆಳಿಗ್ಗೆ ಎದ್ದು ನೋಡಿದರೆ ವಸಡಿನ ರಕ್ತದಿಂದ ದಿಂಬು ಕೆಂಪು.

ಹುಬ್ಬಳ್ಳಿ: ಸೊಪ್ಪು ತಿಂದಿರಬೇಕು. ನಾವು ಅಣ್ಣಗ ಮೂರು ತಿಂಗಳು ಸೊಪ್ಪು ಮುಟ್ಟಿಸಿಲ್ಲ.

ಮಂಗಳೂರು: ಎಂಥ ಮಾರಾಯ್ರೆ! ಸೊಪ್ಪು ಹೆಚ್ಚು ತಿಂದರೆ ಐಎನ್‌ಆರ್ ಇಳಿಯುವುದು, ಏರುವುದಲ್ಲ. ಅದರಲ್ಲಿ ವಿಟಮಿನ್ ಕೆ ಇದೆ. ಅದೂ ಮಾತ್ರೆಯವರಿಗೆ. ಬಿಡಬೇಕೆಂದೂ ಇಲ್ಲ, ದಿನಾ ಒಂದೇ ಅಳತೆಯಲ್ಲಿ ತಿಂದರಾಯಿತು. ನಿಮ್ಮಣ್ಣನ ಇಂಜೆಕ್ಷನ್‌ಗೂ ಸೊಪ್ಪಿಗೂ ಸಂಬಂಧವೇ ಇಲ್ಲ.

ಹುಬ್ಬಳ್ಳಿ: ನಮ್ಮ ಡಾಕ್ಟರ್ ಬಿಡು ಅಂದಿದ್ರು, ಬಿಡಿಸೇವಿ. ನೀವೇನು ಡಾಕ್ಟರಾ?

ಹಾಸನದ ಮಗ: ಈಗ ಸಿಟಿ ಆಯ್ತು. ತಲೆಯಲ್ಲಿ ಹೊಸ ರಕ್ತ ಇಲ್ಲವಂತೆ, ಇಂಜೆಕ್ಷನ್ ಶುರು ಮಾಡ್ತಾರೆ. ಬಲಗಾಲಿನ ಪಟ್ಟಿ ಬಿಚ್ಚಿ ಬಿದ್ದಿತ್ತು, ನರ್ಸ್ ಕರೆದು ಕಟ್ಟಿಸಿದೆ. ಹುಬ್ಬಳ್ಳಿ ಅಣ್ಣ, ಸೂಜಿ ಚುಚ್ಚಿದ ಮೇಲೆ ಎಷ್ಟು ಹೊತ್ತು ಒತ್ತಿ ಹಿಡೀತಿದ್ರಿ?