ಹುಣಸಿಗಿಡದ ಓಣಿ ಗ್ರೂಪ್ (ಹೊರಗಿನವರನ್ನ ಸೇರಸಬ್ಯಾಡ್ರಿ)

ಮೂಲಿಮನಿ ಅಕ್ಕ: ಯಾರ್ರೀ ಅದು ಬಾಡಿಗಿ ಮನಿ ಬಾಗ್ಲದಾಗಿನ ನಾಳೆ ಬಾ ಅಳಿಸಿದ್ದು??? ರಾತ್ರಿ 2ಕ್ಕ ಶುರು ಹಚ್ಯಾಳ ಮುದುಕಿ, ತಗಡಿನ ಮ್ಯಾಲ ನಡದಾಡಿ ನಡದಾಡಿ ಆಮ್ಯಾಲ ಹಿತ್ತಲದಾಗ ಕೊಡ ತಿಕ್ಕೋ ಸಪ್ಪಳ, ನಮ್ಮ ಸಣ್ಣಾಕಿ ಇನ್ನೂ ಚಾದರದಾಗಿಂದ ಮುಖ ತಗದಿಲ್ಲ. ಮುಂಜಾನಿ ನೋಡಿದ್ರ ನಮ್ಮ ತಾಮ್ರದ ಕೊಡ ಎಲ್ಲಾ ಥಳಥಳ, ಸಾಲಾಗಿ ಬೋರಲ ಹಾಕ್ಯಾಳ, ಬಾಜೂಕ ತಿಕ್ಕಿದ ಹುಣಸಿಹಣ್ಣು. ನನಗ ಸಾಕಾಗೇತಿ. ಇವತ್ತ ಮೀಟಿಂಗ್ ಆಗ್ಬೇಕು

ಕಿರಾಣಿ ಅಣ್ಣ: ಪೇಂಟ್ ಹಚ್ಚಿದ್ದು ಬಾಡಿಗಿ ಹುಡುಗ್ರು, ಅವ್ರಿಗೇನ್ ಗೊತ್ತು ಪಾಪ

ಮೂಲಿಮನಿ ಅಕ್ಕ: ನೀವು ಹೇಳ್ಬೇಕಿತ್ತು. ಅಡ್ವಾನ್ಸ್ ಕೇಳಾಕ ಬಾಯಿ ಬಂತು

ಕಿರಾಣಿ ಅಣ್ಣ: ಹೇಳಿದ್ರ ಯಾರ್ ಬರ್ತಾರಕ್ಕ? ಸೈಟ್ ರೇಟ್ ಹಾಳಾಗ್ಲಿ, ನಮ್ಮ ಹುಡುಗ್ರಿಗೆ ಕನ್ಯಾ ಸಿಗಂಗಿಲ್ಲ

ಹಾಲಿನ ಕಾಕಾ: 🌹ಶುಭೋದಯ🌹 11 ಮಂದಿಗೆ ಕಳಿಸಿ, ಸಂಜೆಯೊಳಗೆ ಸಿಹಿಸುದ್ದಿ

ಕಟಿಂಗ್ ಶಾಪ್ ತಮ್ಮ: ಕಾಕಾ 12ನೇದು ಮುದುಕಿಗೆ ಹಾಕ್ರಿ 😂

ಮಾಸ್ತರ್ (ನಿವೃತ್ತ): ಎಲ್ಲರೂ ಗಮನಿಸಿ. ಮಂತ್ರವಾದಿ ಮಾತು ಯಾರೂ ಎತ್ತಬ್ಯಾಡ್ರಿ. 2017ರ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಿಂದ ಜಾರಿ ಐತಿ. ದೆವ್ವ ಬಿಡಸ್ತೀನಂತ ಕಟ್ಟಿ ಹೊಡಿಯೋದು, ಮೆಣಸಿನಕಾಯಿ ಹೊಗಿ ಹಾಕೋದು ಅಪರಾಧ.

ಕಟಿಂಗ್ ಶಾಪ್ ತಮ್ಮ: ಸರ ಅದು ಮನಷ್ಯಾರಿಗೆ ಹೊಡಿಬಾರ್ದಂತ. ದೆವ್ವಕ್ಕ ಹೊಡದ್ರ ಯಾವ ಸೆಕ್ಷನ್

ಮಾಸ್ತರ್ (ನಿವೃತ್ತ): ನಗಿ ಬ್ಯಾಡ. ವೈಜ್ಞಾನಿಕವಾಗಿ ವಿಚಾರ ಮಾಡ್ರಿ. ಆಕಿ ಬರೋದು ಅಮಾಸಿಗಷ್ಟ.

ಮೂಲಿಮನಿ ಅಕ್ಕ: ಸರ ಕಟ್ಟಿ ಮ್ಯಾಲ ಕುಂತು ಆಕಿಗೆ ಮಾಟಗಾತಿ ಅಂದಿದ್ದು ನಿಮ್ಮ ಅಜ್ಜಾರ ಅಲ್ರಿ? ಬಾಣಂತ್ಯಾರಿಗೆ ಕಷಾಯ ಕಾಸಿ ಕೊಡ್ತಿದ್ಲಂತ, ನಮ್ಮವ್ವ ಹೇಳ್ತಿದ್ಲು

ಮಾಸ್ತರ್ (ನಿವೃತ್ತ): ನೋಡವಾ, ಬಾವಿಗೆ ಬರಬ್ಯಾಡ ಅಂದು ಆಕಿ ಕೊಡ ಒಡದಿದ್ದು ನಿಮ್ಮ ಮನೆತನ. ಬಾಯಿ ಬಿಡಿಸಬ್ಯಾಡ.

ಕಿರಾಣಿ ಅಣ್ಣ: ಆತು ಬಿಡ್ರಿ ಹಿರ್ಯಾರ. ಇದ್ದಲಿ ತಗೊಂಡು ಮತ್ತ ನಾಳೆ ಬಾ ಬರಿಯೋಣು. ತೊಂಬತ್ತರ ದಶಕದಾಗ ಎಷ್ಟ ಊರಾಗ ಬರದಿದ್ರು, ಎಲ್ಲಾರು ಮರತ್ರು, ನಾವಷ್ಟ ತಿದ್ದಕೋಂತ ಬಂದೀವಿ. ಜನವರಿಯಾಗ ಗವಿಮಠದ ಜಾತ್ರಿ, ಬೀಗರು ಬರ್ತಾರ, ಅಷ್ಟರೊಳಗ ಆಗ್ಬೇಕು

ಮಾಸ್ತರ್ (ನಿವೃತ್ತ): ನಾಳೆ ಬಾ ಅಂದ್ರ ಕರದಂಗ ಆತು. ಬರಬ್ಯಾಡ ಅಂತ ಬರೀರಿ.

ಮೂಲಿಮನಿ ಅಕ್ಕ: ಆ ಮಾತು ಒಮ್ಮೆ ಅಂದದ್ದ ಸಾಕ್ರಿ

ಹಾಲಿನ ಕಾಕಾ: ಅದಿರ್ಲಿ, ಟ್ಯಾಂಕ್ಯಾಗ ಹನಿ ನೀರಿಲ್ಲ ಮುಂಜಾನಿಂದ. ರಾತ್ರಿ ತುಂಬೇ ಮಲಗೀನಿ

ಕಿರಾಣಿ ಅಣ್ಣ: ಯಾರೋ ವಾಲ್ ಬಿಟ್ಟಾರ. ಮ್ಯಾಲಿನ ಲೈನಿನವರ ಕೆಲ್ಸ ಇದು

ಮಾಸ್ತರ್ (ನಿವೃತ್ತ): ಮ್ಯಾಲಿನ ಲೈನ್ ಅಂದ್ರ ಯಾರಿಗೆ? ನೇರವಾಗಿ ಹೇಳ್ರಿ.

ಕಟಿಂಗ್ ಶಾಪ್ ತಮ್ಮ: ಟ್ಯಾಂಕರ್ ತರಸೋಣು, ಮನಿಗೆ 50 ಹಾಕ್ರಿ

ಮೂಲಿಮನಿ ಅಕ್ಕ: ನನಗ 3 ಕೊಡ ಸಾಕು. ತಿಕ್ಕೋದಂತೂ ಆಗೇತಿ