ಸಹಾಯ ಬೇಕು: ಹಾಫ್ ಐರನ್‌ಮ್ಯಾನ್ ಟ್ರೇನಿಂಗ್, ಆಫೀಸು, ಮನೆ ಹೇಗೆ ಹೊಂದಿಸ್ಕೊಳ್ತೀರಾ?

ಎಲ್ರಿಗೂ ನಮಸ್ಕಾರ. ಹಾಫ್ ಐರನ್‌ಮ್ಯಾನ್‌ಗೆ ರೆಡಿ ಆಗ್ತಿದೀನಿ, ಅಂದ್ರೆ 1.9 ಕಿಮೀ ಈಜು, 90 ಕಿಮೀ ಸೈಕಲ್, ಆಮೇಲೆ 21.1 ಕಿಮೀ ಓಟ. ಓಟ ಹೇಗೋ ಮಗಳು ಏಳೋದ್ರೊಳಗೆ ಮುಗಿಸ್ಕೊಂಡು ಬರ್ತೀನಿ, ಈಜು ಆಫೀಸಿಗೆ ಹೋಗೋ ದಾರೀಲಿ ಆಗುತ್ತೆ, ತೊಂದ್ರೆ ಇರೋದು ಲಾಂಗ್ ರೈಡ್‌ದು, ಭಾನುವಾರ ಅರ್ಧ ದಿನ ಸೈಕಲ್ ಮೇಲೇ ಹೋಗ್ಬಿಡುತ್ತೆ, ಮನೆಗೆ ಬಂದ್ರೆ ಮಗಳು ಪಝಲ್ ಡಬ್ಬ ಹಿಡ್ಕೊಂಡು ಕಾಯ್ತಿರ್ತಾಳೆ, ನನಗೆ ಕಣ್ಣು ಎಳೀತಿರುತ್ತೆ. ಹೆಂಡ್ತಿ ಏನೂ ಅನ್ನಲ್ಲ, ಆದ್ರೆ ಅವಳಿಗೂ ರಜಾ ಅಂತ ಇರೋದು ಅದೊಂದೇ ದಿನ ಅಲ್ವಾ. ನಿದ್ದೆ ಕಡಿಮೆ ಮಾಡೋಕೆ ಮನಸ್ಸಿಲ್ಲ, ರಿಕವರಿಗೆ ಅದು ಬೇಕೇ ಬೇಕು. ಲಾಂಗ್ ರೈಡ್ ವಾರ ಬಿಟ್ಟು ವಾರ ಮಾಡಿ, ಮಧ್ಯೆ ಮನೇಲೇ ಇಂಡೋರ್ ಟ್ರೇನರ್ (ಸೈಕಲ್ ನಿಲ್ಲಿಸಿ ನಿಂತಲ್ಲೇ ತುಳಿಯೋ ಸ್ಟ್ಯಾಂಡ್) ಮೇಲೆ ಇಂಟರ್ವಲ್ಸ್, ಅಂದ್ರೆ ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ನಿಧಾನವಾಗಿ ತುಳಿಯೋದು, ಮಾಡಿದ್ರೆ ಸಾಕಾಗುತ್ತಾ? ಚಿಕ್ಕ ಮಕ್ಕಳಿದ್ದೂ ರೇಸ್ ಮುಗಿಸಿರೋರು ನಿಮ್ಮ ವಾರದ ಪ್ಲ್ಯಾನ್ ಹೇಗಿತ್ತು ಅಂತ ಸ್ವಲ್ಪ ಹೇಳಿ ಪ್ಲೀಸ್.